ಬಾಗಿಲು ತೆರೆದ ಮನೆಗಳ ಸಂಶೋಧನೆ

ಮುಂಬಯಿಯ ಹಳೆಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಹೇಗೆ ಬದಲಾಯಿತು ಎಂಬುದನ್ನು ಸಮಾಜಶಾಸ್ತ್ರ, ಭೂಗೋಳಶಾಸ್ತ್ರ, ವಾಸ್ತುಶಿಲ್ಪ ವಿಭಾಗಗಳು ಬಹುಕಾಲ ಬೇರೆ ಬೇರೆಯಾಗಿ ಬಂದು ಅಭ್ಯಸಿಸಿದವು. ಈಗ ಒಂದೇ ಟ್ಯಾಕ್ಸಿಯಲ್ಲಿ ಬರುತ್ತವೆ. ಇದಕ್ಕೆ ಅಂತರ್‌ಶಿಸ್ತೀಯ ಸಂಶೋಧನೆ ಎಂದು ಹೆಸರು.

ಟ್ಯಾಕ್ಸಿ ನಿಲ್ಲುವುದು ಅಲ್ಲಿನ ಲಾಲ್‌ಬಾಗಿನ ಚಾಳಿನ, ಅಂದರೆ ಕಾರ್ಮಿಕರ ಒಂದೊಂದೇ ಕೋಣೆಯ ಮನೆಗಳ ಸಾಲಿನ, ಮುಂದೆ. ಗಿರಣಿ ಮುಚ್ಚುವ ತನಕ ಅದರ ಕ್ಯಾಂಟೀನಿನಲ್ಲಿ ದುಡಿದ ಕುಂದಾಪುರದ ಕಡೆಯ ಹಿರಿಯರೊಬ್ಬರ ಖೋಲಿಯನ್ನು ವಾಸ್ತುಶಿಲ್ಪದವರು ಟೇಪು ಹಿಡಿದು ಅಳೆಯುತ್ತಿರುವಾಗ, ಸಮಾಜಶಾಸ್ತ್ರದ ಹುಡುಗ, ಅವನೂ ನಮ್ಮ ಕಡೆಯವನೇ, "ಮಾವ, ಈ ಸ್ಥಳವನ್ನು ನೀವು ಹೇಗೆ ಅನುಭವಿಸುತ್ತೀರಿ?" ಎಂದು ಕೇಳುತ್ತಾನೆ. "ಹಗಲು ಹಾಸಿಗೆ ಮಡಚಿ, ರಾತ್ರಿ ಬಿಡಿಸಿ" ಎನ್ನುತ್ತಾರೆ ಹಿರಿಯರು. ವರದಿಯಲ್ಲಿ ಈ ಮಾತು 'ಸ್ಥಳವನ್ನು ದಿನವೂ ಮರುರೂಪಿಸಿಕೊಳ್ಳುವ ಶ್ರಮಿಕ ಪ್ರಜ್ಞೆ' ಎಂದು ಅಚ್ಚಾಗುತ್ತದೆ. ಚಹಾ ಮಾತ್ರ ಮನೆಯವರ ಖರ್ಚಿನದು.

ರಸ್ತೆಯಾಚೆ, ಹಳೆಯ ಗಿರಣಿಯ ಜಮೀನಿನಲ್ಲಿ ಎದ್ದು ನಿಂತ ಗೋಪುರಕ್ಕೆ ಈ ಪ್ರಶ್ನಾವಳಿ ಹೋಗಲಾರದು, ಏಕೆಂದರೆ ಅಲ್ಲಿನ ವಾಚ್‌ಮನ್ ಬಿಡುವುದಿಲ್ಲ. 1982ರಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರವನ್ನು ಎಲ್ಲ ವಿಭಾಗಗಳೂ ಭಕ್ತಿಯಿಂದ ಉಲ್ಲೇಖಿಸುತ್ತವೆ. ಆದರೆ ಆಮೇಲೆ ನಡೆದದ್ದು ಇದು: 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿ ಜಮೀನನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದನ್ನು ಸಾರ್ವಜನಿಕ ಬಯಲಿಗೂ ಇನ್ನೊಂದನ್ನು ಸಾಮಾನ್ಯರ ವಸತಿಗೂ ಮೀಸಲಿಟ್ಟಿದ್ದವು; 2001ರ ತಿದ್ದುಪಡಿಯು ಕಟ್ಟಡಗಳಿದ್ದ ಜಾಗವನ್ನು ಲೆಕ್ಕದಿಂದ ತೆಗೆದು, ಬರಿದಾಗಿ ಬಿದ್ದಿದ್ದ ನೆಲವನ್ನಷ್ಟೇ ಹಂಚಿದರೆ ಸಾಕೆಂದಿತು; 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಿರಣಿಗಳೆಂದರೆ ಬಹುತೇಕ ಕಟ್ಟಡಗಳೇ ಆದ್ದರಿಂದ, ಊರಿನ ಪಾಲು ಎಷ್ಟು ಕುಗ್ಗಿತೆಂದು ಊಹಿಸಲು ಯಾವ ಶಾಸ್ತ್ರವೂ ಬೇಕಿಲ್ಲ. ಆ ತಿದ್ದುಪಡಿಯನ್ನು ಬರೆದವರ ಮೇಜಿನ ಮುಂದೆ ನಿಂತು "ಸ್ವಾಮಿ, ಈ ಸ್ಥಳವನ್ನು ನೀವು ಹೇಗೆ ಅನುಭವಿಸುತ್ತೀರಿ?" ಎಂದು ಕೇಳುವ ವಿಭಾಗ ಇನ್ನೂ ಸ್ಥಾಪನೆಯಾಗಿಲ್ಲ. ವರದಿಯಲ್ಲಿ ಜಮೀನು ತಾನಾಗಿಯೇ ಪರಿವರ್ತನೆ ಹೊಂದುತ್ತದೆ, ಜನ ತಾವಾಗಿಯೇ ದೂರದ ಹೊರವಲಯದ ವಿರಾರಿಗೂ ಡೊಂಬಿವಲಿಗೂ ಸರಿಯುತ್ತಾರೆ. ಗೋಪುರದ ಬಗ್ಗೆ 'ದತ್ತಾಂಶ ಅಲಭ್ಯ' ಎಂಬ ಅಡಿಟಿಪ್ಪಣಿಯಿದೆ.

ಎರಡನೆಯ ಹಂತಕ್ಕೆ ವಿಷಯ ನಿಗದಿಯಾಗಿದೆ: ಪದೇ ಪದೇ ಸಮೀಕ್ಷೆಗೆ ಒಳಗಾದ ಚಾಳು ನಿವಾಸಿಗಳಲ್ಲಿ ಕಂಡುಬರುವ ದಣಿವು. ಅದಕ್ಕಾಗಿ ಮನಶ್ಶಾಸ್ತ್ರ ವಿಭಾಗವನ್ನೂ ಸೇರಿಸಿಕೊಳ್ಳಲಾಗುವುದಂತೆ.