ನಡುಮಧ್ಯದಿಂದ 15 ಮೀಟರ್

ಬೆಂಗಳೂರಿನ ರಾಜಕಾಲುವೆಗಳಿಗೆ ಮರುಸರ್ವೆಯಂತೆ. ಎಷ್ಟನೆಯದು ಎಂದು ಕೇಳಬೇಡಿ, ಕಾಲುವೆಗೂ ಲೆಕ್ಕ ತಪ್ಪಿದೆ.

ನಿಯಮವೇನೋ ಸೊಗಸಾದದ್ದು. ಪರಿಷ್ಕೃತ ಮಹಾಯೋಜನೆ-2015 ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಕಟ್ಟಡ ಕಟ್ಟಬಾರದ ಮೀಸಲು ಜಾಗ ಕೊಟ್ಟಿತು. ಕೊಟ್ಟದ್ದು ದಡದಿಂದಲ್ಲ, ಕಾಲುವೆಯ ನಡುಮಧ್ಯದಿಂದ! ತೃತೀಯ ಕಾಲುವೆಯೊಂದು 30 ಮೀಟರ್ ಅಗಲವಿದ್ದರೆ ಮೀಸಲೆಲ್ಲ ನೀರಿನೊಳಗೇ ಮುಗಿಯಿತು. ದಡದಲ್ಲಿ ಧಾರಾಳವಾಗಿ ಪಾಯ ತೋಡಬಹುದು. 2016ರಲ್ಲಿ ಹಸಿರು ನ್ಯಾಯಮಂಡಳಿ ಅಂಚಿನಿಂದಲೇ ಅಳೆಯಿರಿ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ದಡ ಹತ್ತಿದ್ದ ಟೇಪು ಮತ್ತೆ ನೀರಿಗಿಳಿಯಿತು.

ನಮ್ಮ ಬೀದಿಗೂ ಒಮ್ಮೆ ಅಳೆಯಲು ಬಂದಿದ್ದರು. ನಡುಮಧ್ಯ ಸಿಕ್ಕಿದ್ದು ಬೇಕರಿಯ ಚಪ್ಪಡಿಯ ಕೆಳಗೆ. ಸರ್ವೆಯವರು ದಿಲ್‌ಪಸಂದ್ ಜೋಡಿಸಿದ್ದ ಗಾಜಿನ ಪೆಟ್ಟಿಗೆಯ ಮೇಲೆ ಗ್ರಾಮನಕ್ಷೆ ಹರಡಿ, "ಹಳ್ಳ ಇಲ್ಲಿ ಹರಿಯುತ್ತದೆ" ಎಂದು ಪೆನ್ನಿನಿಂದ ತೋರಿಸಿದರು. "ಹೌದು ಸಾರ್, ಮಳೆ ಬಂದರೆ ಇಲ್ಲೇ ಹರಿಯುತ್ತದೆ" ಎಂದರು ಬೇಕರಿಯವರು, ಬಹಳ ವಿನಯದಿಂದ. ಟೇಪಿನ ತುದಿ ಹಿಡಿದು ಒಳಗೆ ಹೋದ ಹುಡುಗ ಓವನ್ನಿಗೆ ಕೈ ತಾಗಿಸಿಕೊಂಡ. ಗೋಡೆಯ ಮೇಲೆ ಕೆಂಪು ಬಾಣವೊಂದನ್ನು ಬರೆದು, ಎಲ್ಲರೂ ಚಹಾ ಕುಡಿದು ಹೊರಟರು.

ಹಿಂದಿನ ಸರ್ವೆಯವರ ಬಳಿ 33 ಅಡಿಯ ಸರಪಳಿ ಇತ್ತು. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಎಳೆದರೆ ಒಂದು ಗುಂಟೆ. ಹಳ್ಳದ ಜಾಗ ಬಂದರೆ ಖರಾಬು ಎಂದು ಬರೆದು ಮುಂದೆ ಹೋಗುತ್ತಿದ್ದರು. ಉಳುಮೆಗೆ ಬಾರದ್ದು ಎಂದರ್ಥ. ಪಾಪ, ಚದರಡಿ ಲೆಕ್ಕದ ಬೆಳೆ ಅವರಿಗೆ ಗೊತ್ತಿರಲಿಲ್ಲ.

ಕೆರೆಗಳಿಗೂ ಈಗ ಅಂತಸ್ತು ನೋಡುವ ಕಾಲ. ಮೊದಲು ಎಲ್ಲಕ್ಕೂ ಸುತ್ತ 30 ಮೀಟರ್ ಮೀಸಲು ಇತ್ತು. ಕೆರೆ ಸಂರಕ್ಷಣೆ ಕಾಯ್ದೆಯ 2025ರ ತಿದ್ದುಪಡಿ ಮಸೂದೆಯಲ್ಲಿ 100 ಎಕರೆ ಮೀರಿದ ಕೆರೆಗೆ ಮಾತ್ರ 30. ಒಂದು ಎಕರೆಯೊಳಗಿನದಕ್ಕೆ 3 ಮೀಟರ್. ಒತ್ತುವರಿ ಮಾಡಿ ಕೆರೆಯನ್ನು ಸೊರಗಿಸಿದವನಿಗೆ ಸುತ್ತಲಿನ ಜಾಗ ಬಹುಮಾನ. ಇಂಥ ಪ್ರೋತ್ಸಾಹ ರಾಗಿ ಬೆಳೆದವನಿಗೆ ಯಾವಾಗ ಸಿಕ್ಕಿತ್ತು?

ಸಾಕು. 2022ರ ಸೆಪ್ಟೆಂಬರಿನ ನೆರೆಯಲ್ಲಿ ಕಂಪನಿಯ ಗುರುತುಚೀಟಿಯ ಕೊರಳಪಟ್ಟಿ ಹಾಕಿಕೊಂಡವರು ಟ್ರ್ಯಾಕ್ಟರಿನಲ್ಲಿ ನಿಂತು ಕೆಲಸಕ್ಕೆ ಹೋದರಲ್ಲ, ಅಂದು ನೀರು ತನ್ನ ಅಗಲವನ್ನು ತಾನೇ ಅಳೆದು ತೋರಿಸಿತ್ತು. ಮನೆಮನೆಯ ಗೋಡೆಯ ಮೇಲೆ ಕೆಸರಿನ ಗೆರೆ ಎಳೆದು ಹೋಗಿತ್ತು. ಅದಕ್ಕೆ ಸರ್ವೆ ಬೇಕಿರಲಿಲ್ಲ, ತಕರಾರು ಅರ್ಜಿಯೂ ಇರಲಿಲ್ಲ. ನಾವು ಆ ಗೆರೆಯ ಮೇಲೆ ಬಣ್ಣ ಬಳಿದುಕೊಂಡೆವು.

ಬೇಕರಿಯ ಕೆಂಪು ಬಾಣದ ಮೇಲೂ ಈಗ ಒಂದು ಫಲಕ ಬಂದಿದೆ: "ಹುಟ್ಟುಹಬ್ಬದ ಕೇಕ್‌ಗೆ ಆರ್ಡರ್ ತೆಗೆದುಕೊಳ್ಳಲಾಗುವುದು."