ಲೌಂಜಿನಲ್ಲಿ ಎರಡನೇ ಪಂಕ್ತಿ

ಬಿಟ್ಟಿ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎನ್ನುವ ಮಾತನ್ನು ನಮಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡವರು ಬ್ಯಾಂಕಿನವರು. ಒಂದು ಸೌಟು ಉಪ್ಪಿಟ್ಟು ತೋರಿಸಿ ನನಗೊಂದು ಕ್ರೆಡಿಟ್ ಕಾರ್ಡ್ ಕಟ್ಟಿಬಿಟ್ಟರು.

ಕೊಡುವಾಗ ಹೇಳಿದ್ದು 'ವಿಮಾನ ನಿಲ್ದಾಣದ ಲೌಂಜ್ ಉಚಿತ' ಅಂತ. ಲೌಂಜ್ ಅಂದರೆ ವಿಮಾನಕ್ಕೆ ಕಾಯುವವರು ತಿಂಡಿ ತಿಂದು ಆರಾಮಾಗಿ ಕೂರುವ ಕೋಣೆ. ಆಮೇಲೆ ಗೊತ್ತಾಯಿತು, ಉಚಿತ ಬೇಕಾದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಸಾವಿರ ಅಂತ ಕಾರ್ಡ್ ಉಜ್ಜಿರಬೇಕು. ನಾನು, ಹೆಂಡತಿ ಇಬ್ಬರೂ ದೋಹಾ ಮೇಲೆ ಚಿಕಾಗೋಗೆ ಹೊರಡಬೇಕಿತ್ತು. ಲೆಕ್ಕ ಹಾಕಿದೆ, ಸ್ವಲ್ಪ ಕಡಿಮೆ ಬಿತ್ತು. ಮನೆಯಲ್ಲಿ ಒಳ್ಳೇ ಮಿಕ್ಸಿ ಇತ್ತು. ಇನ್ನೊಂದು ತಂದೆ.

"ಇದ್ಯಾಕ್ರೀ?" ಅಂದಳು ಹೆಂಡತಿ.

"ಉಪ್ಪಿಟ್ಟಿಗೆ ಕಣೇ."

"ಉಪ್ಪಿಟ್ಟಿಗೆ ಮಿಕ್ಸಿ ಯಾಕೆ?"

ಅವಳಿಗೆ ಹಣಕಾಸಿನ ವಿಚಾರ ಅರ್ಥವಾಗುವುದಿಲ್ಲ.

ಈ ಲೌಂಜ್ ಎನ್ನುವುದು ಶುರುವಾಗಿದ್ದೇ ಜನರಿಂದ ದೂರ ಕೂರಲು. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಕೋಣೆಗೆ 'ಅಡ್ಮಿರಲ್ಸ್ ಕ್ಲಬ್' ಎಂದು ಹೆಸರು. ಕಂಪನಿ ಕರೆದವರಿಗಷ್ಟೇ ಪ್ರವೇಶ. 1992ರಲ್ಲಿ ಪ್ರಯಾರಿಟಿ ಪಾಸ್ ಬಂತು. ಯಾವ ವಿಮಾನದ ಟಿಕೆಟ್ ಇದ್ದರೂ ಚಿಂತೆಯಿಲ್ಲ, ಸದಸ್ಯತ್ವ ಇದ್ದರೆ ಒಳಗೆ. ಈಗ ನಮ್ಮಲ್ಲಿ ಕೆಲವು ಡೆಬಿಟ್ ಕಾರ್ಡಿಗೂ 2 ರೂಪಾಯಿ ಉಜ್ಜಿದರೆ ಬಾಗಿಲು ತೆರೆಯುತ್ತದೆ. ಅಡ್ಮಿರಲ್ ಆಗುವುದು ಇಷ್ಟು ಅಗ್ಗ ಅಂತ ನೌಕಾಪಡೆಯವರಿಗೆ ಗೊತ್ತಾ?

ದೋಹಾದಲ್ಲಿ ಇಳಿದೆವು. ಮುಂದಿನ ವಿಮಾನಕ್ಕೆ ಐದು ಗಂಟೆ. ಪಂಕ್ತಿಭೇದ ಹೋಯಿತು ಅಂತ ಯಾರಾದರೂ ಅಂದುಕೊಂಡಿದ್ದರೆ ಅವರನ್ನು ಇಲ್ಲಿಗೆ ಕರೆತರಬೇಕು. ಫಸ್ಟ್ ಕ್ಲಾಸಿನವರಿಗೆ ಅಲ್ ಸಫ್ವಾ ಲೌಂಜ್. ಬಿಸಿನೆಸ್ ಕ್ಲಾಸಿನವರಿಗೆ ಅಲ್ ಮುರ್ಜಾನ್. ನಮ್ಮಂಥ ಕಾರ್ಡಿನವರಿಗೆ ಬೇರೆ ಬಾಗಿಲು. ಆ ಬಾಗಿಲಿನ ಮುಂದೆ ಉದ್ದನೆ ಕ್ಯೂ. ಕ್ಯೂ ತಪ್ಪಿಸಿಕೊಳ್ಳಲು ಕ್ಯೂ! ಮುಕ್ಕಾಲು ಗಂಟೆ ಆದ ಮೇಲೆ ಕೌಂಟರಿನ ಹುಡುಗಿ ನಗುನಗುತ್ತಾ ಹೇಳಿದಳು, ಕಾರ್ಡಿಗೆ ಒಬ್ಬರೇ. ಜೊತೆಯವರಿಗೆ ದುಡ್ಡು ಕಟ್ಟಿ. ಎಷ್ಟು ಅಂತ ಕೇಳಿ ರೂಪಾಯಿಗೆ ತಿರುಗಿಸಿದೆ. ಸರಿಯಾಗಿ ಇನ್ನೊಂದು ಮಿಕ್ಸಿ.

"ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದಳು ಹೆಂಡತಿ. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಒಳಗೆ ಕಾಲಿಟ್ಟರೆ ಛತ್ರದ ಊಟದ ಹಾಲ್. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಏಳುವ ಮುಂಚೆಯೇ ಕುರ್ಚಿ ಹಿಂದೆ ಹೋಗಿ ನಿಲ್ಲುತ್ತೇವಲ್ಲ, ಹಾಗೇ ಒಬ್ಬ ದಪ್ಪನೆ ಮಹಾಶಯರ ಬೆನ್ನ ಹಿಂದೆ ನಿಂತೆ. ಅವರ ತಟ್ಟೆಯಲ್ಲಿ ಒಂದೇ ತುಂಡು ಕೇಕ್ ಉಳಿದಿತ್ತು. ಆಸೆಯಿಂದ ನೋಡುತ್ತಿದ್ದೆ, ಕೇಕಿನ ಆಸೆಯಲ್ಲ, ಕುರ್ಚಿಯ ಆಸೆ. ಅದನ್ನು ಬಾಯಿಗೆ ಹಾಕಿಕೊಂಡವರು ಎದ್ದರು. ಕತ್ತಿಗೆ ಹಾಕಿಕೊಂಡಿದ್ದ ದಿಂಬನ್ನು ಬಿಚ್ಚಿ ಕುರ್ಚಿ ಮೇಲಿಟ್ಟರು. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನಾವೇ ಕಂಡುಹಿಡಿದಿದ್ದು ಅಂದುಕೊಂಡಿದ್ದೆ. ಅವರು ಮೂರು ತುಂಡು ಕೇಕ್ ತಂದು ಮತ್ತೆ ಕೂತರು.

ಕೊನೆಗೆ ಪ್ರಿಂಟರಿನ ಪಕ್ಕ ಒಂದು ಎತ್ತರದ ಸ್ಟೂಲ್ ಸಿಕ್ಕಿತು. ತಟ್ಟೆಗೆ ಬಿದ್ದಿದ್ದು ತಣ್ಣಗಿನ ಬನ್, ಆಲಿವ್ ಕಾಯಿ, ಹಮ್ಮಸ್. ಹಮ್ಮಸ್ ಅಂದರೆ ಇನ್ನೇನಿಲ್ಲ, ಬೇಯಿಸಿದ ಕಾಬೂಲಿ ಕಡಲೆಯನ್ನು ನುಣ್ಣಗೆ ರುಬ್ಬಿದ್ದು. ಮಿಕ್ಸಿ ಯಾಕೆ ಬೇಕಿತ್ತು ಅಂತ ಆಗ ಅರ್ಥವಾಯಿತು. ಪಕ್ಕದ ಹೆಂಗಸು ಬಾಳೆಹಣ್ಣುಗಳನ್ನು ಒಂದೊಂದಾಗಿ ವ್ಯಾನಿಟಿ ಬ್ಯಾಗಿಗೆ ಇಳಿಸುತ್ತಿದ್ದರು. ನನ್ನ ಕಣ್ಣೂ ಅವರ ಕಣ್ಣೂ ಕಲೆತವು. ನನ್ನ ಜೇಬಿನಲ್ಲೂ ಎರಡು ಬೆಣ್ಣೆ ಪ್ಯಾಕೆಟ್ ಇದ್ದವು. ಇಬ್ಬರೂ ಬೇರೆ ಕಡೆ ನೋಡಿದೆವು.

ಮುಖ್ಯ ಕೆಲಸ ಮರೆತಿರಲಿಲ್ಲ. ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್, ನೊರೆ ಕಾಫಿ, ಮೂರನ್ನೂ ಜೋಡಿಸಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಪ್ರಿಂಟರ್ ಕಾಣದ ಹಾಗೆ. ಭಾವಮೈದುನ ಆಗಲೇ ನೋಡಿಯೂ ಆಗಿತ್ತು. ಲೈಕ್ ಮಾತ್ರ ಕೊಡಲಿಲ್ಲ.

ಎರಡು ಗಂಟೆ ಆದ ಮೇಲೆ ಸೊಂಟ ಹಿಡಿದುಕೊಂಡು ಹೊರಗೆ ಬಂದೆ. ಆ ನಿಲ್ದಾಣದ ಮಧ್ಯೆ, ತಲೆಯೊಳಗೆ ದೀಪ ನೆಟ್ಟ ದೊಡ್ಡ ಹಳದಿ ಕರಡಿಯೊಂದು ಕೂತಿದೆ. ಉರ್ಸ್ ಫಿಶರ್ ಎನ್ನುವ ಸ್ವಿಸ್ ಕಲಾವಿದನ ಕೈಕೆಲಸ, ಏಳು ಮೀಟರ್ ಎತ್ತರ. ಅದರ ಹತ್ತಿರ ಹೆಂಡತಿ ಕೂತಿದ್ದಳು. ಅಕ್ಕಪಕ್ಕ ಬೇಕಾದಷ್ಟು ಕುರ್ಚಿ ಖಾಲಿ. ಅವಳು ಆಗಲೇ ಚಪಾತಿ, ಚಟ್ನಿಪುಡಿ ಮುಗಿಸಿದ್ದಳು. ಹೆಂಗಸರಿಗೆಂದೇ ಇರುವ ವಿಶ್ರಾಂತಿ ಕೋಣೆಯಲ್ಲಿ ಕಾಲು ಚಾಚಿ ಮಲಗಿ ಎದ್ದಿದ್ದಳು. 2022ರಲ್ಲಿ ತೆರೆದ ಒಳಗಿನ ತೋಟದಲ್ಲಿ ಮರಗಳ ಕೆಳಗೆ ಒಂದು ಸುತ್ತು ಹಾಕಿ ಬಂದಿದ್ದಳು. ಎಲ್ಲೂ ಯಾರೂ ಕಾರ್ಡ್ ಕೇಳಲಿಲ್ಲವಂತೆ.

"ಏನು ತಿಂದ್ರಿ?" ಅಂದಳು.

"ಬನ್ನು" ಅಂದೆ.

ಕೋಡುಬಳೆ ಡಬ್ಬಿ ಮುಂದಿಟ್ಟಳು. ನಾಲ್ಕನೆಯದು ಕಡಿಯುವಾಗ ಮೊಬೈಲ್ ಟಿಂಗ್ ಅಂತು. ಲೌಂಜಿನ ಅನುಭವ ಹೇಗಿತ್ತು, ಐದಕ್ಕೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಪ್ರಶ್ನೆ.

"ಐದೂ ಕೊಟ್ಬಿಡ್ರೀ" ಅಂದಳು. "ನಿಮ್ಮನ್ನ ಎರಡು ಗಂಟೆ ಒಳಗೆ ಕೂರಿಸ್ಕೊಂಡಿದ್ರಲ್ಲ. ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ?"