ಮಾವನ ಬ್ರೇಕ್ ಪ್ಯಾಡು, ಮೇಸ್ತ್ರಿಯ ಕೂಲಿ

ನಮ್ಮ ಸೋದರಮಾವ ಭರಮಸಾಗರದವರು. ಕಳೆದ ತಿಂಗಳು ದಾವಣಗೆರೆಗೆ ಬರುವಾಗ ಆನಗೋಡಿನ ಹತ್ತಿರ ಕಾರು ನಿಲ್ಲಿಸಿ ಫೋನ್ ಮಾಡಿದರು. "ಏನೋ ಇದು, ಬ್ರೇಕ್ ಒತ್ತಿದ್ರೆ ಕಬ್ಣಕ್ಕೆ ಕಬ್ಣ ತಿಕ್ಕಿದಂಗೆ ಸವುಂಡ್ ಬರ್ತೈತಲ್ಲೋ!" ಇನ್ನೊಂದು ಹೆಜ್ಜೆ ಮುಂದೆ ಓಡಿಸಬೇಡಿ ಅಂತ ಹೇಳಿ, ಗೊತ್ತಿರುವ ಗ್ಯಾರೇಜ್ ಮೇಸ್ತ್ರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಮುಂದಿನ ಎಡಗಡೆ ಚಕ್ರ ಬಿಚ್ಚಿದರೆ, ಪ್ಯಾಡಿನ ಲೈನಿಂಗ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಪದರ, ಪ್ಲೇಟಿನಿಂದ ಪೂರಾ ಕಿತ್ತುಕೊಂಡು ಹೋಗಿದೆ. ಬರೀ ಕಬ್ಬಿಣದ ಪ್ಲೇಟು ಡಿಸ್ಕನ್ನು ಉಜ್ಜುತ್ತಿತ್ತು. ಆ ಪ್ಯಾಡು ಹಾಕಿಸಿ ಹದಿನೆಂಟು ದಿನ ಆಗಿತ್ತು ಅಷ್ಟೆ. ಹಿಂದಿನ ಸೀಟಿನಲ್ಲಿ ಅತ್ತೆ, ಮೊಮ್ಮಗು. ಪಕ್ಕದಲ್ಲಿ ಹೈವೇ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನನ್ನ ಕೈ ಸ್ವಲ್ಪ ಹೊತ್ತು ನಡುಗುತ್ತಲೇ ಇತ್ತು.

"ಒರಿಜಿನಲ್ಲೇ ಹಾಕಪ್ಪ ಅಂದಿದ್ದೆ. ಡಬ್ಬಿನೂ ತೋರ್ಸಿದ್ದ" ಅಂದರು ಮಾವ. ಡಬ್ಬಿ ಕಂಪನಿಯದೇ ಇದ್ದಿರಬಹುದು. ಒಳಗಿದ್ದ ಮಾಲು ಅಲ್ಲ.

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ನಾನು ನಿಂತು ಇಪ್ಪತ್ತು ವರ್ಷವಾಯಿತು. ದಿನಕ್ಕೆ ಹತ್ತು ಸಲವಾದರೂ ಕೇಳುವ ಪ್ರಶ್ನೆ ಒಂದೇ: "ಒರಿಜಿನಲ್ಲೋ, ಡೂಪ್ಲಿಕೇಟೋ?" ಈ ಪ್ರಶ್ನೆಯೇ ಜನರನ್ನು ದಾರಿ ತಪ್ಪಿಸುತ್ತಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕಾರಿನ ಕಂಪನಿಯ ಹೆಸರಿಲ್ಲದ್ದೆಲ್ಲ ಡೂಪ್ಲಿಕೇಟ್ ಅಂತ ತಿಳಿದವರು ಬಹಳ ಮಂದಿ. ಕಾರು ಮಾಡುವವರು ಕಾರಿನ ಎಲ್ಲ ಸಾಮಾನನ್ನೂ ತಾವೇ ಮಾಡುವುದಿಲ್ಲ. ಡೀಸೆಲ್ ಇಂಜೆಕ್ಟರ್ ಬಾಷ್‌ನದ್ದಿರುತ್ತದೆ, ಶಾಕಬ್ಸರ್ ಗೇಬ್ರಿಯಲ್‌ನದ್ದಿರುತ್ತದೆ, ಸ್ಟಾರ್ಟರ್ ಮೋಟಾರ್ ಲೂಕಾಸ್ ಟಿವಿಎಸ್‌ನದ್ದಿರುತ್ತದೆ, ಬ್ಯಾಟರಿ ಎಕ್ಸೈಡ್ ಅಥವಾ ಅಮರಾನ್. ಇವರೇ ಕಾರಿನ ಕಂಪನಿಗೂ ಕೊಡುತ್ತಾರೆ, ತಮ್ಮ ಹೆಸರಿನ ಡಬ್ಬಿಯಲ್ಲಿ ನಮ್ಮಂಥ ಅಂಗಡಿಗೂ ಕಳಿಸುತ್ತಾರೆ. ಒಂದೇ ತಯಾರಕರ ಮಾಲು ಕಾರಿನ ಕಂಪನಿಯ ಡಬ್ಬಿಗೆ ಹೋದರೆ ರೇಟು ಏರುತ್ತದೆ. ಅದಕ್ಕೇ ನಾನು ಗಿರಾಕಿಗಳಿಗೆ ಹೇಳುವುದು, "ಇದನ್ನ ಮಾಡಿದ್ದು ಯಾರು ಅಂತ ಕೇಳ್ರಿ" ಅಂತ. ಮಾಲಿನಲ್ಲಿ ನಾಲ್ಕು ಬಗೆ: ಕಾರಿನ ಕಂಪನಿ ಮಾಲು, ಪಾರ್ಟ್ ಮಾಡಿದವರದೇ ಮಾಲು, ಹೆಸರಿರುವ ಬೇರೆ ತಯಾರಕರ ಮಾಲು, ಕೊನೆಗೆ ಹೆಸರು ಕದ್ದ ಮಾಲು. ಮೊದಲ ಮೂರೂ ವ್ಯಾಪಾರ. ಕೊನೆಯದು ಮೋಸ, ಮಾವನ ಚಕ್ರದಲ್ಲಿದ್ದದ್ದು ಅದು.

ಪಾರ್ಟ್ ಮಾಡಿದವರು ತಮ್ಮ ಹೆಸರಲ್ಲಿ ಹೊರಗೆ ಮಾರುವುದು ಕೂಡ ಎಲ್ಲ ಕಡೆ ಸಲೀಸಾಗಿರಲಿಲ್ಲ. 2011ರಲ್ಲಿ ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಒಂದು ದೂರು ಹೋಯಿತು: ಕಾರಿನ ಕಂಪನಿಗಳು ಬಿಡಿಭಾಗಗಳನ್ನು, ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆ ಅಂತ. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಬಿಡಿಭಾಗ ತಯಾರಕರು ಹೊರಗಿನ ಮಾರುಕಟ್ಟೆಗೂ ಮಾರಲು ಬಿಡಬೇಕು, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕತೆ. ಆದರೆ ಪಿ.ಬಿ. ರಸ್ತೆಯ ನಮ್ಮ ಸಣ್ಣ ಗ್ಯಾರೇಜುಗಳ ಅನ್ನದ ಪ್ರಶ್ನೆಯನ್ನು ಡೆಲ್ಲಿಯಲ್ಲಿ ಕೂತವರು ಬರೆದು ಒಪ್ಪಿದರಲ್ಲ, ಅದು ನನಗೆ ದೊಡ್ಡದು.

ಹಾಗಂತ ಎಲ್ಲದಕ್ಕೂ ಹೊರಗಿನ ಮಾಲು ಸಾಕು ಅಂತ ನಾನು ಹೇಳುವುದಿಲ್ಲ. ಏರ್‌ಬ್ಯಾಗ್, ಸೀಟ್ ಬೆಲ್ಟ್, ಅದಕ್ಕೆ ಸಂಬಂಧಪಟ್ಟ ಸೆನ್ಸರ್ ಅಂದರೆ ಕಂಪನಿಯದೇ ತಗೊಳ್ಳಿ, ಚೌಕಾಸಿ ಬೇಡ. ಬಾನೆಟ್, ಫೆಂಡರ್ ಕೂಡ ಅಷ್ಟೆ. ಲೋಕಲ್ ತಗಡು ತಂದರೆ ಬೋಲ್ಟಿನ ತೂತಿಗೆ ತೂತು ಕೂರುವುದಿಲ್ಲ, ಟಿಂಕರ್ ಸುತ್ತಿಗೆ ಹಿಡಿದು ಅರ್ಧ ದಿನ ಬಡಿಯಬೇಕು. ಇನ್ನೊಂದು ಮಾತು ಕಂಪನಿ ಮಾಲಿನ ಪರವಾಗಿಯೇ ಹೇಳಬೇಕು. ಒಂದು ಪಾರ್ಟು ಪದೇ ಪದೇ ಹೋಗುತ್ತಿದ್ದರೆ ಕಾರಿನ ಕಂಪನಿ ಅದರ ಡಿಸೈನ್ ತಿದ್ದಿ ಹೊಸ ಪಾರ್ಟ್ ನಂಬರ್ ಕೊಡುತ್ತದೆ. ಹೊರಗಿನವರಲ್ಲಿ ಕೆಲವರು ಹಳೇ ಡಿಸೈನನ್ನೇ ಮಾಡುತ್ತಾ ಕೂತಿರುತ್ತಾರೆ.

ಏರ್ ಫಿಲ್ಟರ್, ಎಸಿ ಫಿಲ್ಟರ್, ವೈಪರ್, ಬಲ್ಬು: ಹೆಸರಿರುವ ಯಾವ ತಯಾರಕರದಾದರೂ ಆದೀತು. ನಮ್ಮ ಕಡೆ ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ರಸ್ತೆ ಮೇಲೇ ಹರವುತ್ತಾರಲ್ಲ, ಆ ಹೊಟ್ಟು ಧೂಳು ಎಲ್ಲ ಫಿಲ್ಟರಿಗೇ ಬಂದು ಸೇರುತ್ತದೆ. ದುಬಾರಿ ಫಿಲ್ಟರ್ ಹಾಕಿಸಿ ಎರಡು ವರ್ಷ ಮರೆಯುವುದಕ್ಕಿಂತ ಸಾಧಾರಣದ್ದನ್ನು ಬೇಗ ಬೇಗ ಬದಲಿಸುವುದು ಮೇಲು. ಆಯಿಲ್ ಫಿಲ್ಟರ್ ವಿಷಯಕ್ಕೆ ಮಾತ್ರ ಈ ಮಾತು ಬೇಡ. ಅದರೊಳಗೆ ಎಂಜಿನ್ ಆಫ್ ಆದಾಗ ಆಯಿಲ್ ಕೆಳಗಿಳಿಯದಂತೆ ಹಿಡಿಯುವ ಸಣ್ಣ ರಬ್ಬರ್ ವಾಲ್ವ್ ಇರುತ್ತದೆ. ಕಳಪೆ ಫಿಲ್ಟರಿನಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಸ್ವಲ್ಪ ಹೊತ್ತು ಒಣಗಿಕೊಂಡೇ ತಿರುಗುತ್ತದೆ. ಎಂಜಿನ್ನಿನೊಳಗೆ ಪಿಸ್ಟನ್ ಮತ್ತು ವಾಲ್ವುಗಳ ತಾಳ ತಪ್ಪದಂತೆ ನೋಡುವ ಟೈಮಿಂಗ್ ಬೆಲ್ಟ್ ಇನ್ನೂ ಕಟ್ಟುನಿಟ್ಟು. ಎಷ್ಟೋ ಎಂಜಿನ್ನುಗಳಲ್ಲಿ ಅದು ಓಡುವಾಗ ಕಡಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಎಂಜಿನ್ ಬಿಚ್ಚದೆ ಬೇರೆ ದಾರಿಯೇ ಇಲ್ಲ.

ಈಗ ಮೇಸ್ತ್ರಿಯ ಮಾತು. ಇದನ್ನು ಬರೆಯಬೇಕು ಅಂತಲೇ ಕೂತಿದ್ದು.

ಮಾವನಿಗೆ ಆ ಪ್ಯಾಡು ಹಾಕಿದವನ ಮೇಲೆ ನನಗೆ ಸಿಟ್ಟಿದೆ, ಅದು ಹೋಗುವುದಿಲ್ಲ. ಆದರೆ ಮಾವನನ್ನು ಕೇಳಿದೆ, ಲೇಬರ್ ಎಷ್ಟು ಕೊಟ್ರಿ ಅಂತ. ಮುನ್ನೂರು ಕೇಳಿದನಂತೆ, ಜಗ್ಗಾಡಿ ನೂರೈವತ್ತಕ್ಕೆ ಇಳಿಸಿದರಂತೆ. ಎರಡು ಚಕ್ರ ಬಿಚ್ಚಿ, ಕ್ಯಾಲಿಪರ್ ತೆಗೆದು, ಪಿನ್ ಉಜ್ಜಿ, ಗ್ರೀಸ್ ಹಾಕಿ, ತಿರುಗಿ ಕಟ್ಟುವ ಕೆಲಸಕ್ಕೆ ನೂರೈವತ್ತು. ಕೂಲಿಯಲ್ಲಿ ಹುಟ್ಟದ್ದನ್ನು ಮೇಸ್ತ್ರಿ ಪಾರ್ಟಿನ ಮಾರ್ಜಿನ್ನಿನಲ್ಲಿ ಹುಡುಕುತ್ತಾನೆ. ಕಂಪನಿ ಡಬ್ಬಿಯಲ್ಲಿ ಮಾರ್ಜಿನ್ ಕಡಿಮೆ, ಕದ್ದ ಹೆಸರಿನ ಮಾಲಿನಲ್ಲಿ ಅದರ ಎಷ್ಟೋ ಪಟ್ಟು. ಹೀಗೆ ಕೇಳಿಕೊಂಡು ಬರುವ ಹುಡುಗರನ್ನು ಕೌಂಟರಿನ ಈಚೆ ನಿಂತು ನಾನು ನೋಡಿದ್ದೇನೆ: "ಅಣ್ಣಾ, ಬಾಕ್ಸ್ ಚೆನ್ನಾಗಿರೋದು ಕೊಡು, ರೇಟು ಕಮ್ಮಿ ಇರ್ಲಿ." ಕೊಡದೆ ಕಳಿಸಿದ್ದೇನೆ, ಅವರು ಬೇರೆಲ್ಲಾದರೂ ತಂದಿರುತ್ತಾರೆ. ಅವರಲ್ಲಿ ಕೆಲಸಗಳ್ಳರಿಲ್ಲ. ಬೇಸಿಗೆಯಲ್ಲಿ ಗಾಡಿ ಅಡಿಗೆ ಕಾದ ಸಿಮೆಂಟಿನ ಮೇಲೆ ಮಲಗಿ ದುಡಿಯುವ ಮಕ್ಕಳು. ಕೆಲಸಕ್ಕೆ ತಕ್ಕ ಕೂಲಿಯನ್ನು ಮೊದಲೇ ಮಾತಾಡಿ ಕೊಡಿ, ಪಾರ್ಟನ್ನು ನೀವೇ ಬಿಲ್ ಸಮೇತ ತಂದುಕೊಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ ಎಲ್ಲಕ್ಕೂ ಶೇ. 18 ಆಗಿದೆ, ಮೊದಲು ಬಹಳಷ್ಟಕ್ಕೆ ಶೇ. 28 ಇತ್ತು. ಬಿಲ್ ಇಲ್ಲದೆ ತಂದರೆ ಅಗ್ಗ ಅನ್ನುವ ಮಾತಿನಲ್ಲಿ ಈಗ ಅಷ್ಟು ಹುರುಳೂ ಉಳಿದಿಲ್ಲ. ನಂಬರ್ ಗೊಂದಲವಿದ್ದರೆ ಆರ್‌ಸಿ ತಂದು ಚಾಸಿ ನಂಬರ್ ತೋರಿಸಿ, ಅದರಿಂದಲೇ ಪಾರ್ಟ್ ನಂಬರ್ ಹುಡುಕಬಹುದು. ಹಳೇ ಪಾರ್ಟನ್ನು ಕೇಳಿ ಪಡೆದು ಹೊಸದರ ಪಕ್ಕ ಇಟ್ಟು ನೋಡಿ; ಕೈಯಲ್ಲಿ ಹಿಡಿದರೆ ತೂಕದಲ್ಲೇ ಎಷ್ಟೋ ತಿಳಿಯುತ್ತದೆ.

ಹೊಸದು ಹಾಕಿಸಿದ ಮೇಲೆ ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಚೆನ್ನಾಗಿರುವ ಖಾಲಿ ಡಬ್ಬಿಗಳನ್ನು ದುಡ್ಡು ಕೊಟ್ಟು ಒಯ್ಯುವವರಿದ್ದಾರೆ, ಮಾವನಿಗೆ ತೋರಿಸಿದ್ದು ಅಂಥದ್ದೇ ಡಬ್ಬಿ ಅಂತ ನನ್ನ ನಂಬಿಕೆ. ಅಲ್ಲೇ ನಿಂತು, ಹೋಲೋಗ್ರಾಮ್ ಅಂಟಿಸಿದ ಜಾಗ ನೋಡಿ, ಎರಡು ತುಂಡಾಗುವ ಹಾಗೆ ಹರಿದುಹಾಕಿ.